ಪಾಟೀಸವಾಲಿನಲ್ಲಿ ಒಂದು ಆಣೆ

ಕೊಳ್ಳೇಗಾಲದ ಕೋರ್ಟಿನಲ್ಲಿ ಸಾಕ್ಷಿ ತಿರುಗಿಬೀಳುವುದು ಹೊಸ ಸುದ್ದಿಯಲ್ಲ. ಪೊಲೀಸರ ಮುಂದೆ ಒಂದು ಹೇಳಿ, ಜಡ್ಜರ ಮುಂದೆ ಇನ್ನೊಂದು ಹೇಳುವವರನ್ನು ಕಪ್ಪು ಕೋಟು ಹಾಕಿದ ದಿನದಿಂದ ನೋಡುತ್ತಿದ್ದೇನೆ. ಮಚ್ಚಿನೇಟು ತಿಂದವನೇ ಬಂದು ಬೇಲಿ ಮುಳ್ಳು ಗೀರಿತು ಎನ್ನುತ್ತಾನೆ. ಮೊದಮೊದಲು ಅಳು ಬರುತ್ತಿತ್ತು, ಆಮೇಲೆ ನಗು ಬಂತು, ಈಗ ಮೈಯೆಲ್ಲ ಉರಿಯುತ್ತದೆ. ನನ್ನ ಸಿಟ್ಟು ಇಲ್ಲಿ ಹೆಸರುವಾಸಿ. "ಲಾಯರಮ್ಮ ಊಟ ಮಾಡವ್ರಾ ಇಲ್ವಾ ನೋಡ್ಕಂಡು ಮಾತಾಡ್ರಪ್ಪ" ಎಂದು ಜೊತೆಯ ವಕೀಲರು ಚೇಷ್ಟೆ ಮಾಡುತ್ತಾರೆ. ಮಾಡಿಕೊಳ್ಳಲಿ.

ಆ ಹೆಂಗಸಿನ ತವರು ಯಳಂದೂರಿನ ಹತ್ತಿರ, ಗಂಡನ ಮನೆ ಹನೂರಿನ ಆಚೆ. ಗಂಡನಿಗೆ ಅನುಮಾನದ ಕಾಯಿಲೆ. ಒಂದು ಬೆಳಿಗ್ಗೆ ಜಗಲಿಯಲ್ಲಿ ಕೂತಿದ್ದವಳ ಮೇಲೆ ಮಚ್ಚು ಬೀಸಿದ. ಎಡಗೆನ್ನೆ ಕಿವಿಯವರೆಗೆ ಸೀಳಿತು. ತಡೆಯಲು ಎತ್ತಿದ ಕೈಯಿಂದ ಮೂರು ಬೆರಳು ತುಂಡಾಗಿ ಬಿದ್ದವು. ಕೋಳಿಗಳು ಓಡಿ ಬಂದವಂತೆ. ಅವು ಕುಕ್ಕದಿರಲಿ ಎಂದು ಏಳು ವರ್ಷದ ಮಗಳು ಆ ಬೆರಳುಗಳನ್ನು ಲಂಗದಡಿ ಮುಚ್ಚಿಕೊಂಡು ಕೂತಿದ್ದಳು. ಇದನ್ನು ಪಂಚನಾಮೆಯಲ್ಲಿ ಓದಿದ ದಿನ ನನಗೆ ಅನ್ನ ಇಳಿಯಲಿಲ್ಲ.

ಕೊಲೆ ಯತ್ನದ ಕೇಸು. ನಡೆಸುವವರು ಸರ್ಕಾರಿ ವಕೀಲರು. ತವರಿನವರು ನನ್ನನ್ನು ನೇಮಿಸಿಕೊಂಡಿದ್ದರು, ಆದರೆ ನನ್ನಂಥವರು ಪಕ್ಕದಲ್ಲಿ ಕೂತು ಚೀಟಿ ಬರೆದುಕೊಡಬಹುದು ಅಷ್ಟೆ, ಸಾಕ್ಷಿಯನ್ನು ಒಂದು ಮಾತು ಕೇಳುವ ಹಾಗಿಲ್ಲ. ನನ್ನ ಬಾಯಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಅವಳ ಸಾಕ್ಷಿಯ ದಿನ ಬೆಳಿಗ್ಗೆ ಕೋರ್ಟಿನ ಪಡಸಾಲೆಯಲ್ಲಿ ನನ್ನ ತೋಳು ಹಿಡಿದಳು.

"ಲಾಯರಮ್ಮ, ಇವತ್ತು ನಾನ್ ಸುಳ್ಳೇ ಏಳದು. ನೀವ್ ಏನಾರ ಅನ್ಕಳಿ."

"ತಲೆ ನೆಟ್ಟಗಿದೆಯೇನೇ?"

"ಮೊನ್ನೆ ಮೈದ ಬಂದು ಮಗಳ್ನ ಎತ್ತಾಕಂಡೋದ. ಅಣ್ಣ ಒಳಕ್ಕೋದ್ರೆ ಇವಳು ಬಾವಿ ಪಾಲು ಅಂದವ್ನೆ."

ಆ ಮೈದುನ ಎದುರಿನ ಮರದ ಕೆಳಗೆ ಟೀ ಕುಡಿಯುತ್ತ ನಮ್ಮನ್ನೇ ನೋಡುತ್ತಿದ್ದ. ಹೋಗಿ ಆ ಬಿಸಿ ಟೀಯನ್ನು ಅವನ ಮುಖಕ್ಕೇ ಎರಚುವಷ್ಟು ಕೋಪ ಬಂತು. ಎರಡು ಹೆಜ್ಜೆ ಇಟ್ಟೂ ಬಿಟ್ಟಿದ್ದೆ. ಅವಳು ಉಳಿದ ಎರಡು ಬೆರಳಲ್ಲೇ ಕೋಟು ಹಿಡಿದು ಎಳೆದಳು. "ಕೆಣಕಬ್ಯಾಡಿ ಕಣ್ರವ್ವ, ನಿಮ್ಮ ಕಾಲಿಗ್ ಬೀಳ್ತೀನಿ." ಹನೂರು ಠಾಣೆಗೆ ಫೋನ್ ಮಾಡಿದೆ. ಸಾಹೇಬರು ಬಂದ ಮೇಲೆ ನೋಡೋಣ ಎಂದರು. ಸರ್ಕಾರಿ ವಕೀಲರು ಬೇರೆ ದಿನ ಕೊಡಿ ಎಂದು ಜಡ್ಜರನ್ನು ಕೇಳಿದರು. "ಇವತ್ತೇ ಆಗೋಗ್ಲಿ ಸಾ" ಎಂದು ಅವಳೇ ಅಡ್ಡ ಬಂದಳು.

ಕಟಕಟೆ ಹತ್ತಿದಳು. ದೇವರ ಮೇಲೆ ಪ್ರಮಾಣ ಮಾಡಿಸಿದರು, ಗೊಣಗಿಕೊಂಡು ಮಾಡಿದಳು. ಹಲಸಿನಹಣ್ಣು ಕೊಯ್ಯುವಾಗ ಮಚ್ಚು ಜಾರಿ ಬೆರಳು ಹೋಯಿತು ಎಂದಳು.

"ಹಣ್ಣು ಕೆನ್ನೆಯ ಮೇಲೆ ಇಟ್ಟುಕೊಂಡು ಕೊಯ್ತಿದ್ದೆಯೇನಮ್ಮಾ?" ಜಡ್ಜರು ಕೇಳಿದರು.

"ಊಂ ಸಾ. ಜಾರ್ತು."

ಯಾರೋ ಕಿಸಕ್ಕೆಂದರು. ಸಾಕ್ಷಿ ಪ್ರತಿಕೂಲ ಎಂದು ದಾಖಲಾಯಿತು. ಸರ್ಕಾರಿ ವಕೀಲರು ಹೇಗೆ ಕೇಳಿದರೂ ಅವಳು ಹಲಸಿನಹಣ್ಣು ಬಿಡಲಿಲ್ಲ. ಆರೋಪಿಯ ಜಾಗದಲ್ಲಿ ನಿಂತಿದ್ದ ಗಂಡ ಮೀಸೆ ಸವರಿಕೊಂಡ.

ಅಲ್ಲಿಗೆ ಕೇಸು ಬಿದ್ದುಹೋಗಿತ್ತು. ಗಂಡನ ಪರ ವಕೀಲರು "ಪಾಟೀಸವಾಲಿಲ್ಲ" ಎಂದು ಕೂತಿದ್ದರೆ ಸಾಕಿತ್ತು. ಆದರೆ ಅವರು ನಮ್ಮ ಸೀಮೆಯವರೇ, ಪ್ರತಿ ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೋಗುವವರು. ನಮ್ಮ ಕಡೆ ನ್ಯಾಯ ಯಾವ ಜಗಲಿಯಲ್ಲಿ ನಡೆದರೂ ಕೊನೆಗೆ ಮಾದಪ್ಪನ ಆಣೆ ಹಾಕಿಸಬೇಕು, ಆಗಲೇ ಮಾತು ಮುಗಿದ ಲೆಕ್ಕ. ಅವರಿಗೆ ಕೋರ್ಟಿನಲ್ಲೂ ಆ ಚಟ ಬಿಡದು. ಗೆದ್ದ ಕೇಸಿಗೆ ಮೇಲೊಂದು ಮೊಳೆ ಹೊಡೆಯೋಣವೆಂದು ಎದ್ದು ನಿಂತರು.

"ಮಾದಪ್ಪನ ಆಣೆ ಮಾಡಿ ಹೇಳಮ್ಮ. ನಿನ್ನ ಗಂಡ ನಿನ್ನ ಮೇಲೆ ಕೈ ಮಾಡಿದ್ದಾನಾ?"

ಜಡ್ಜರು ಕರಾವಳಿಯವರು. "ಒಮ್ಮೆ ಪ್ರಮಾಣ ಆಗಿದೆಯಲ್ಲ, ಇದೆಲ್ಲ ಬೇಡ" ಎಂದರು. ಆದರೆ ಹೆಸರು ಎತ್ತಿಯಾಗಿತ್ತು.

ಅವಳ ಮುಖ ಬಿಳುಚಿಕೊಂಡಿತು. ಆ ಮಗಳು ಹುಟ್ಟಿದ್ದೇ ಮಾದಪ್ಪನ ಹರಕೆಯಿಂದ. ಎಷ್ಟೋ ವರ್ಷ ಮಕ್ಕಳಿಲ್ಲದೆ ಬೆಟ್ಟ ಹತ್ತಿ ಉರುಳು ಸೇವೆ ಮಾಡಿ ಪಡೆದದ್ದು, ಮೊದಲ ಕೂದಲು ಅಲ್ಲೇ ಕೊಟ್ಟದ್ದು. ಕೋರ್ಟಿನ ದೇವರು ಯಾರೋ ಏನೋ, ಅವನ ಮುಂದೆ ಸುಳ್ಳು ಹೇಳಿದರೆ ಏನೂ ಆಗುವುದಿಲ್ಲ. ಮಾದಪ್ಪನ ಹೆಸರಲ್ಲಿ ಹೇಳಿದರೆ ಕೊಟ್ಟವನೇ ವಾಪಸ್ ಕಿತ್ತುಕೊಳ್ಳುತ್ತಾನೆ. ನಿಜ ಹೇಳಿದರೆ ಮೈದುನ, ಸುಳ್ಳು ಹೇಳಿದರೆ ಮಾದಪ್ಪ. ಎರಡು ಕಡೆಯೂ ಹೋಗುವುದು ಮಗಳೇ.

"ಬ್ಯಾಡ ಸಾ, ಆ ಎಸರ್ ಎತ್‌ಬ್ಯಾಡಿ" ಎಂದು ಅತ್ತಳು.

"ಹೇಳಮ್ಮ, ಭಯ ಯಾಕೆ?" ಎಂದರು ಆ ಪುಣ್ಯಾತ್ಮರು, ನಗುನಗುತ್ತ.

"ಕೊಚ್ದ ಸಾ!" ಅವಳು ಕಿರುಚಿದಳು. "ಇವ್ನೇ ಕೊಚ್ದ! ಕುತ್ಗೆಗೇ ಬೀಸ್ದ, ಕೈ ಅಡ್ಡ ಕೊಟ್ಟೆ!"

ಗಂಡ ಆರೋಪಿಯ ಕಟಕಟೆ ಹಾರಿ ಬಂದ. ಅವಳ ಜಡೆ ಹಿಡಿದು ತಲೆಯನ್ನು ಕಟಕಟೆಯ ಮರಕ್ಕೆ ಜಪ್ಪಿದ, ಇನ್ನೊಮ್ಮೆ ಜಪ್ಪಿದ. ಅವಳ ಮೂಗಿನ ರಕ್ತ ಬೆರಳಚ್ಚುಗಾರ್ತಿಯ ಕಾಗದಗಳ ಮೇಲೆ ಸಿಡಿಯಿತು. ಪೊಲೀಸರು ಬಾಗಿಲಿಂದ ಓಡಿ ಬರುವುದರೊಳಗೆ ನಾನು ನನ್ನ ಸ್ಟೀಲಿನ ನೀರಿನ ಬಾಟಲಿ ಎತ್ತಿ ಅವನ ಮೊಣಕೈಗೆ ಬಾರಿಸಿದೆ. ಮೂಳೆ ಸದ್ದು ಕೇಳಿಸಿತು. ಸುಳ್ಳೇಕೆ, ಹಿತವಾಯಿತು. ಜಡ್ಜರು ಅವನು ಮಾಡಿದ್ದನ್ನು ಅಕ್ಷರ ಬಿಡದೆ ದಾಖಲಿಸಿ, ಅವನನ್ನು ಅಲ್ಲಿಂದಲೇ ಜೈಲಿಗೆ ಕಳಿಸಿದರು. ಬಾಟಲಿಯ ಮಾತು ಎಲ್ಲೂ ಬರಲಿಲ್ಲ.

ಮಗುವಿನ ವಿಷಯ ನಾನು ಆಗ ಕೂಗಿ ಹೇಳಿದೆ. ಕೂಡಲೇ ಕರೆತನ್ನಿ ಎಂದು ಜಡ್ಜರು ಪೊಲೀಸರಿಗೆ ಆದೇಶ ಕೊಟ್ಟರು. ಹೊರಗೆ ಬಂದರೆ ಮರದ ಕೆಳಗೆ ಟೀ ಲೋಟ ಉರುಳಿ ಬಿದ್ದಿತ್ತು, ಮೈದುನನ ಬೈಕು ಇರಲಿಲ್ಲ.

ಪೊಲೀಸ್ ಜೀಪಿನಲ್ಲಿ ಅವಳು, ನಾನು, ಇಬ್ಬರು ಕಾನ್‌ಸ್ಟೇಬಲ್‌ಗಳು. ಹನೂರು ದಾಟುವವರೆಗೂ ಅವಳು ತಲೆಯನ್ನು ಮುಂದಿನ ಸೀಟಿಗೆ ಬಡಿದುಕೊಳ್ಳುತ್ತಲೇ ಇದ್ದಳು. "ನಾನೇ ಕೊಂದ್ನಲ್ಲವ್ವ, ನನ್ನ ಬಾಯಿಗೆ ಮಣ್ಣಾಕ." ಸಮಾಧಾನದ ಮಾತು ನನಗೆ ಬರುವುದಿಲ್ಲ. "ಬಾಯಿ ಮುಚ್ಚೇ" ಎಂದು ಬೈದು ಅವಳ ಹಣೆಗೆ ನನ್ನ ಕೈ ಅಡ್ಡ ಇಟ್ಟೆ.

ಗಂಡನ ಮನೆಯ ಹಿಂದಿನ ಜೋಳದ ಹೊಲದಲ್ಲಿ ಕಟ್ಟೆಯಿಲ್ಲದ ಬಾವಿ. ಅಂಚಿನಲ್ಲಿ ಮೈದುನ ನಿಂತಿದ್ದ. ಹುಡುಗಿಯ ಎರಡೂ ಜಡೆ ಅವನ ಒಂದೇ ಮುಷ್ಟಿಯಲ್ಲಿತ್ತು. ಅವಳ ಹಿಮ್ಮಡಿಯ ಕೆಳಗಿನ ಮಣ್ಣು ಸುರಿದು ನೀರಿಗೆ ಬೀಳುತ್ತಿತ್ತು.

"ಒಂದೆಜ್ಜೆ ಮುಂದಿಕ್ ಬಂದ್ರೆ ತಳ್ತೀನಿ! ಏಳಿದ್ದು ಸುಳ್ಳು ಅನ್ನು! ಕೇಸು ವಾಪಸ್ ತಕ್ಕಂತೀನಿ ಅನ್ನು!"

ತಾಯಿ ನೆಲಕ್ಕೆ ಬಿದ್ದು ಕೈ ಮುಗಿದಳು. ನಾನು ನಿಂತಲ್ಲಿಂದಲೇ ಕೂಗಿದೆ.

"ತಗೊಳ್ತೀವಿ ಕಣಪ್ಪ. ನಾಳೇನೇ ಬರೆದುಕೊಡ್ತೀನಿ. ನಿಮ್ಮಣ್ಣ ಮನೆಗೆ ಬರ್ತಾನೆ."

"ಲಾಯರ್ ಮಾತ ಯಾವನ್ ನಂಬ್ತಾನೆ? ಮಾದಪ್ಪನ ಆಣೆ ಮಾಡಿ ಏಳು!"

ನನ್ನ ಅವ್ವನೂ ಮಾದಪ್ಪನ ಒಕ್ಕಲು. ಆ ಹೆಸರಲ್ಲಿ ನಾನೂ ಎಂದೂ ಸುಳ್ಳು ಹೇಳಿದವಳಲ್ಲ. ಆದರೂ ಕೈ ಎತ್ತಿ, ಗಟ್ಟಿಯಾಗಿ, ಊರಿಗೆಲ್ಲ ಕೇಳುವ ಹಾಗೆ ಹೇಳಿದೆ: "ಮಾದಪ್ಪನಾಣೆಗೂ ಕೇಸು ವಾಪಸ್ ತಗೊಳ್ತೀವಿ."

ಅವನು ನಂಬಿದ. ನಮ್ಮ ಕಡೆ ನಂಬದವರು ಯಾರು? ಜಡೆ ಬಿಟ್ಟು ಬೆವರು ಒರೆಸಿಕೊಂಡ. ಅಷ್ಟರಲ್ಲಿ ಜೋಳದ ಮರೆಯಿಂದ ನುಗ್ಗಿ ಒಬ್ಬ ಕಾನ್‌ಸ್ಟೇಬಲ್ ಹುಡುಗಿಯನ್ನು ಈಚೆಗೆ ಎಳೆದುಕೊಂಡರು, ಇನ್ನೊಬ್ಬರ ಲಾಠಿ ಅವನ ಮಂಡಿಗೆ ಬಿತ್ತು. ಬಿದ್ದವನನ್ನು ನಾನೂ ಒದ್ದೆ. "ಆಣೆ ಮಾಡಿದ್ಯಲ್ಲೇ, ಆಣೆ ಮಾಡಿದ್ಯಲ್ಲೇ" ಎಂದು ಮಣ್ಣಲ್ಲಿ ಹೊರಳುತ್ತಲೇ ಕೂಗಿದ. ಆಮೇಲೆ ಅಣ್ಣ ತಮ್ಮ ಇಬ್ಬರಿಗೂ ಶಿಕ್ಷೆಯಾಯಿತು. ಆ ಸುಳ್ಳು ಆಣೆಯ ಪಾಪ ಏನಿದ್ದರೂ ನನಗಿರಲಿ, ಮಾದಪ್ಪನ ಹತ್ತಿರ ನಾನೇ ವಾದ ಮಾಡಿಕೊಳ್ಳುತ್ತೇನೆ.

ತಾಯಿ ತೆವಳಿಕೊಂಡೇ ಹೋಗಿ ಮಗಳನ್ನು ಅಪ್ಪಿದಳು. ಹುಡುಗಿ ಕೊಸರಾಡಿದಳು. "ಅಪ್ಪನ್ನ ಜೈಲಿಗಾಕ್ಸಿದ್ಯಾ ಮುಂಡೆ! ಚಿಕ್ಕಪ್ಪ ಎಲ್ಲಾ ಏಳವ್ನೆ!" ಎಂದು ತಾಯಿಯ ತೋಳಿಗೆ ಹಲ್ಲೂರಿ ಕಚ್ಚಿದಳು. ನಾಯಿಮರಿ ಕಚ್ಚಿದ ಹಾಗಲ್ಲ, ಮಾಂಸ ಕೀಳುವ ಹಾಗೆ. ರಕ್ತ ಬಂತು. ನಾನು ದವಡೆ ಬಿಡಿಸಲು ಕೈ ಹಾಕಿದೆ.

ಅವಳು ನನ್ನ ಕೈ ತಳ್ಳಿದಳು. ಒಡೆದ ಮೂಗು, ಸೀಳಿದ ಕೆನ್ನೆ, ಆ ಮುಖದಲ್ಲಿ ನಗು.

"ಬುಡ್ರವ್ವ, ಕಚ್ಲಿ. ಜೀವ ಇದ್ರೆ ತಾನೆ ಕಚ್ಚದು."