ಬಾಣಂತಿಯ ದೇವಸ್ಥಾನ ಕೆಡವಿದ ರೂಲು

ನಮ್ಮ ಶ್ರುತಿ ಕಟ್ಟಿದ್ದ ಹಳೇಬೀಡಿನ ದೇವಸ್ಥಾನವನ್ನು ಕೆಡವಿ ಹಾಕಿದ್ದಾರೆ. ಜೆಸಿಬಿ ಬರಲಿಲ್ಲ, ಧೂಳೇಳಲಿಲ್ಲ, ಯಾರೂ ರಸ್ತೆ ತಡೆ ಮಾಡಲಿಲ್ಲ. ಆ ಜಾಗದಲ್ಲಿ ಈಗ ಯಾರೋ ಜಿಮ್ ಕಟ್ಟುತ್ತಿದ್ದಾರೆ.

ಗಾಬರಿಯಾಗಬೇಡಿ. ಅಸಲಿ ಹಳೇಬೀಡು ಇದ್ದಲ್ಲೇ ಇದೆ. ಕೆಡವಿದ್ದು ಆನ್‌ಲೈನ್ ಗೇಮಿನ ಒಳಗಿನದ್ದು.

"ಓ, ಗೇಮಾ?" ಅಂತ ಪೇಪರ್ ಮಡಚಿಡಬೇಡಿ. ಮೊದಲು ನಾನೂ ಹಾಗೇ ಅಂದೆ.

ಶ್ರುತಿ ನನ್ನ ತಂಗಿ. ಮದುವೆಯಾಗಿ ಅರಸೀಕೆರೆಯಲ್ಲಿದ್ದಾಳೆ. ಗಂಡ ನಂದೀಶ್ ಕೊಬ್ಬರಿ ವ್ಯಾಪಾರಿ. ಇಬ್ಬರೂ ಆಡುವ ಗೇಮ್ ಅದು. ಒಂದು ದೊಡ್ಡ ಬಯಲು, ಆಡುವ ಪ್ರತಿಯೊಬ್ಬರಿಗೂ ಅದರಲ್ಲೊಂದು ಸೈಟು. ಇಟ್ಟಿಗೆಯಂಥ ಚೌಕಗಳನ್ನು ಒಂದೊಂದಾಗಿ ಇಡುತ್ತಾ ಏನು ಬೇಕಾದರೂ ಕಟ್ಟಬಹುದು. ಆ ಬಯಲಿನವರೆಲ್ಲ ಬಹುಪಾಲು ನಮ್ಮ ಜಿಲ್ಲೆಯವರೇ. ನಂದೀಶ್ ಒಂದು ಬಂಗಲೆ ಎಬ್ಬಿಸಿ ಕೈ ತೊಳೆದುಕೊಂಡರು. ಇವಳು ಹಳೇಬೀಡನ್ನು ಹಿಡಿದಳು.

ಹುಚ್ಚು ಅಂದರೆ ಹುಚ್ಚು. ಬೇಲೂರಿಗೆ ನಮ್ಮನೆಗೆ ಬಂದರೆ ಊಟದ ಕೈ ಒಣಗುವ ಮೊದಲೇ ನನ್ನನ್ನೂ ಎಳೆದುಕೊಂಡು ಹಳೇಬೀಡಿನ ಬಸ್ಸು ಹತ್ತುತ್ತಿದ್ದಳು. ಗೋಡೆ ಎಲ್ಲಿ ತಿರುಗುತ್ತೆ, ಕಂಬ ಎಲ್ಲಿ ನಿಂತಿದೆ, ಎಲ್ಲದರ ಫೋಟೊ. ಹೊಟ್ಟೆ ಮುಂದೆ ಬಂದ ಮೇಲೂ ಬಿಡಲಿಲ್ಲ.

"ಗೋಪುರಾನೇ ಇಟ್ಟಿಲ್ವಲ್ಲೇ?" ಅಂತ ಕೇಳಿದ್ದೆ ಒಂದು ಸಲ.

"ಅಲ್ಲೇ ಇಲ್ವಲ್ಲಕ್ಕ. ಇಲ್ಲದ್ದನ್ನ ನಾನ್ಯಾಕೆ ಇಡ್ಲಿ?"

ಹೆರಿಗೆಯಾಯಿತು. ಬಾಣಂತನಕ್ಕೆ ಕಣಕಟ್ಟೆಗೆ, ಅಮ್ಮನ ಮನೆಗೆ ಬಂದಳು. ಬಂದ ದಿನವೇ ಅಮ್ಮ ಮೊಬೈಲ್ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಬಾಣಂತಿ ಕಣ್ಣು ಕಣೇ. ಈಗ ಕೆಟ್ರೆ ಸಾಯೋಗಂಟ ಅನುಭವಿಸ್ಬೇಕಾಯ್ತದೆ." ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಣ್ಣಿಗೆ ಮೊಬೈಲ್ ಇಲ್ಲ. ನಮ್ಮ ಕಡೆ ಈ ವಿಷಯದಲ್ಲಿ ಡಾಕ್ಟರ್ ಮಾತೂ ನಡೆಯಲ್ಲ.

ಆ ಬಯಲಿಗೊಂದು ರೂಲಿದೆ. ಕಟ್ಟಡ ಅರ್ಧಕ್ಕೆ ನಿಂತಿದ್ದು, ಕಟ್ಟಿದವರು ಎರಡು ತಿಂಗಳು ಆ ಕಡೆ ತಲೆ ಹಾಕದಿದ್ದರೆ, ಮುಂದೆ 'ಪಾಳು' ಅಂತ ಬೋರ್ಡು ನೆಡುತ್ತಾರೆ. ಬೋರ್ಡಿಗೆ ಉತ್ತರ ಬರದಿದ್ದರೆ ಕೆಡವಿ, ಸೈಟು ಬೇರೆಯವರಿಗೆ. ಪರೀಕ್ಷೆ ಇದ್ದರೆ ರಜೆ ಹೇಳಬಹುದು. ಕಾಯಿಲೆ, ಟೂರು, ನೆಟ್ ತೊಂದರೆ, ಎಲ್ಲಕ್ಕೂ ರಜೆ ಇದೆ. ಹೆರಿಗೆಗೆ ಇಲ್ಲ! (ಬರೆದವರೆಲ್ಲ ಗಂಡುಮಕ್ಕಳು. ಅವರನ್ನೂ ಯಾರೋ ಹೆತ್ತಿರಬೇಕು, ಮರೆತಿರ್ತಾರೆ.)

ಗೋಪುರ ಇಲ್ಲ, ಆದ್ದರಿಂದ ಅರ್ಧಂಬರ್ಧ. ಒಡತಿ ಪತ್ತೆ ಇಲ್ಲ, ಆದ್ದರಿಂದ ಪಾಳು. ನೆಟ್ಟರು ಬೋರ್ಡು.

ಅಮ್ಮ ಕೊನೆಗೂ ಬೀರು ತೆಗೆದ ದಿನ ನಾನೂ ಕಣಕಟ್ಟೆಯಲ್ಲೇ ಇದ್ದೆ. ಮಗುವನ್ನು ನನ್ನ ತೊಡೆ ಮೇಲೆ ಹಾಕಿ ಶ್ರುತಿ ಖುಷಿಯಿಂದ ಗೇಮ್ ತೆರೆದಳು. ಕಂಡದ್ದು ಜಿಮ್ಮು. ಹೆರಿಗೆ ನೋವಿಗೂ ಹಲ್ಲು ಕಚ್ಚಿಕೊಂಡಿದ್ದ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು.

"ಅದೇನೋ ಬೊಂಬೆ ಆಟಕ್ಕೆ ಇಷ್ಟೊಂದು ಅಳ್ತಾರೇನೇ? ಹಾಲು ಬತ್ತೋಯ್ತದೆ" ಅಂತ ಅಮ್ಮ ಗದರಿದರು.

"ಅಕ್ಕ, ಮನೆ ಅವರದ್ದು, ಅಂಗಡಿ ಅವರದ್ದು. ನಂದು ಅಂತ ಇದ್ದಿದ್ದು ಇದೊಂದೇ" ಅಂದಳು ನನಗೆ.

ನನಗೆ ಮೈಯೆಲ್ಲ ಉರಿಯಿತು. ಆ ಬಯಲಿನವರ ಗ್ರೂಪಿನ ಅಡ್ಮಿನ್ ನಂಬರ್ ಹುಡುಕಿ ಫೋನ್ ಮಾಡಿದೆ. ಹಾಸನದ ಯುವಕ, ಸಭ್ಯ. ಮಾತಿಗೊಂದು ಮೇಡಂ.

"ಏನಪ್ಪಾ, ಹಸಿ ಬಾಣಂತಿ ಕಟ್ಟಿದ್ದನ್ನ ಕೆಡವೋಕೆ ಕೈ ಹೆಂಗೆ ಬಂತು ನಿಮಗೆ? ಹಳೇಬೀಡಿಗೆ ಗೋಪುರ ಇಲ್ಲ ಅಂತ ಅಷ್ಟು ಜನದಲ್ಲಿ ಒಬ್ಬರಿಗೂ ಗೊತ್ತಿಲ್ವಾ? ಬಸ್ಸಲ್ಲಿ ಹೋಗಿ ನೋಡ್ಕೊಂಡು ಬರೋಷ್ಟು ದೂರದಲ್ಲಿದೆ!"

ಪೂರ್ತಿ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ: "ಮೇಡಂ, ನಮಗೂ ಮನಸ್ಸಿರಲಿಲ್ಲ. ಚೆನ್ನಾಗಿತ್ತು. ಕೆಡವೋ ಮುಂಚೆ ಪರಿಚಯದವರನ್ನ ಒಂದ್ಸಲ ಕೇಳ್ತೀವಿ. ಅವರ ಯಜಮಾನ್ರು ಗ್ರೂಪಲ್ಲೇ ಇದಾರಲ್ಲ, ಅವರನ್ನ ಕೇಳಿದ್ವಿ. 'ಮಗು ಆಗಿದೆ, ಅವಳಿನ್ನು ಬರಲ್ಲ, ತೆಗೆದುಬಿಡಿ' ಅಂದ್ರು ಮೇಡಂ."

ಇಷ್ಟು ಹೊತ್ತು ಯಾರನ್ನು ಬೈಯುತ್ತಿದ್ದೆ ನಾನು?

ಆ ಭಾನುವಾರ ನಂದೀಶ್ ಮಗು ನೋಡಲು ಬಂದರು. (ಪ್ರತಿ ಭಾನುವಾರ ಬರುತ್ತಾರೆ. ಒಳ್ಳೆಯ ಅಳಿಯ ಅಂತ ಊರೆಲ್ಲ ಹೆಸರಿದೆ.) ತೋಟದ ಕಡೆ ಕರೆದುಕೊಂಡು ಹೋಗಿ ನೇರವಾಗಿ ಕೇಳಿದೆ. ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ.

"ಹೌದಕ್ಕ, ನಾನೇ ಹೇಳ್ದೆ. ಅವಳ ಒಳ್ಳೇದಕ್ಕೇ. ಮಗು ಬಂತು, ಇನ್ನು ಅದಕ್ಕೆಲ್ಲ ಟೈಮೆಲ್ಲಿರುತ್ತೆ ಅವಳಿಗೆ?"

"ನಿಮ್ಮ ಬಂಗಲೆ?"

"ಅದಿದೆ. ಆಗಾಗ ಹೋಗಿ ಬರ್ತಿರ್ತೀನಿ."

"ಮಗು ನಿಮಗೂ ಆಗಿದೆ ಅಲ್ವಾ?"

ನಕ್ಕರು. ಅತ್ತಿದ್ದರೂ, ಸಿಟ್ಟು ಮಾಡಿಕೊಂಡಿದ್ದರೂ ನನಗೆ ಸಮಾಧಾನ ಇರುತ್ತಿತ್ತು. ಜೋಕ್ ಅಂದುಕೊಂಡು ನಕ್ಕರು!

ಅಡ್ಮಿನ್ ಮೊನ್ನೆ ಮೆಸೇಜ್ ಹಾಕಿದ್ದಾನೆ. ರೂಲು ತಿದ್ದಿದ್ದಾರಂತೆ, ಹೆರಿಗೆಗೂ ರಜೆ ಸೇರಿಸಿದ್ದಾರಂತೆ. ಆದರೆ ರಜೆ ಬೇಕು ಅಂತ ಮನೆಯವರು ಹೇಳಬೇಕಂತೆ. ಓದಿ ನಗಬೇಕೋ, ಮೊಬೈಲ್ ಎತ್ತಿ ಎಸೆಯಬೇಕೋ ಗೊತ್ತಾಗಲಿಲ್ಲ.

ಶ್ರುತಿಗೆ ನಾನಿನ್ನೂ ಹೇಳಿಲ್ಲ. ಈ ಅಂಕಣ ಓದಿ ಅವಳಿಗೆ ಗೊತ್ತಾಗುತ್ತೆ. ಆಗಲಿ. ನಂದೀಶ್ ಅವರೂ ಓದಲಿ. ಆ ಉತ್ತರ ಟೈಪ್ ಮಾಡಿದ್ದು ಎಲ್ಲಿ ಕೂತು ಅಂತ ಅವರ ಬಾಯಿಂದಲೇ ಕೇಳಿ ತಿಳಿದುಕೊಂಡಿದ್ದೇನೆ. ಕಣಕಟ್ಟೆಯಲ್ಲಿ, ನಮ್ಮಮ್ಮನ ನಡುಮನೆಯಲ್ಲಿ, ಕಾಫಿ ಕುಡಿಯುತ್ತಾ.

ಪಕ್ಕದ ರೂಮಲ್ಲೇ ಮಗುಗೆ ಹಾಲು ಕುಡಿಸ್ತಾ ಇದ್ದಳಲ್ರೀ, ಬಾಗಿಲು ತಳ್ಳಿ ಅವಳನ್ನೇ ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ?