ಪೆಡಲಿನ ಕೆಳಗಿನ ಬಿರಡೆ

ನಮ್ಮ ಪಿರೋಟ್ ಊರಿನವರು ಜಿಪುಣರೆಂದು ಇಡೀ ಸರ್ಬಿಯಾ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ, ಅದಕ್ಕೆ ನಮ್ಮ ಗಂಟೇನೂ ಹೋಗುವುದಿಲ್ಲ. ಆದರೆ ಹಾಗೆ ಆಡಿಕೊಳ್ಳುವವರು ಟೈರ್ ಕಾರ್ಖಾನೆಯಿಂದ ನಿವೃತ್ತನಾದ ನಮ್ಮ ದೇಸಿಮಿರನನ್ನು ಒಮ್ಮೆ ನೋಡಬೇಕಿತ್ತು. ಉಳಿದ ನಾವೆಲ್ಲ ಕೈಯೆತ್ತಿ ಕೊಡುವ ದಾನಿಗಳೆಂದು ಒಪ್ಪಿಕೊಂಡು ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ದೇಸಿಮಿರ ಕೆಟ್ಟ ಮನುಷ್ಯನಲ್ಲ. ಮನೆಗೆ ಬಂದವರಿಗೆ ಪ್ಲಮ್ ಹಣ್ಣಿನ ಸಾರಾಯಿ ರಕಿಯಾ ಕೊಡದೆ ಕಳಿಸಿದವನಲ್ಲ, ಲೋಟ ಮಾತ್ರ ಚಿಕ್ಕದು. ಚಳಿಗಾಲದಲ್ಲಿ ಅಟ್ಟದಲ್ಲಿ ಸಾಸೇಜುಗಳನ್ನು ನೇತುಹಾಕಿ, ಆಗಾಗ ಇಳಿಸಿ ಖಾಲಿ ಬಾಟಲಿಯಿಂದ ಲಟ್ಟಿಸಿ ಚಪ್ಪಟೆ ಮಾಡುವುದು ನಮ್ಮೂರ ಪದ್ಧತಿ. ಎಲ್ಲರೂ ಬೆರಳಿನ ದಪ್ಪಕ್ಕೆ ನಿಲ್ಲಿಸಿದರೆ ದೇಸಿಮಿರ ಕಾಗದ ಮಾಡುವವನ ಹಾಗೆ ಲಟ್ಟಿಸುತ್ತಲೇ ಇರುತ್ತಿದ್ದ. ತೆಳ್ಳಗಾದಷ್ಟೂ ತಟ್ಟೆ ತುಂಬಿದಂತೆ ಕಾಣುತ್ತದೆ ಎನ್ನುವುದು ಅವನ ಲೆಕ್ಕ.

ಆ ಬಾಟಲಿಯ ಬಿರಡೆಯನ್ನೂ ಅವನು ಎಸೆಯಲಿಲ್ಲ. ಹಳೆಯ ಡೀಸೆಲ್ ಕಾರೊಂದನ್ನು ಕೊಂಡ ಹೊಸದರಲ್ಲೇ ಬಿರಡೆಯನ್ನು ಆಕ್ಸಿಲರೇಟರ್ ಪೆಡಲಿನ ಕೆಳಗೆ ಅಂಟಿಸಿಬಿಟ್ಟ. ಕಾಲು ಎಷ್ಟೇ ಒತ್ತಿದರೂ ಪೆಡಲು ಅರ್ಧಕ್ಕೇ ನಿಲ್ಲಬೇಕು, ಡೀಸೆಲ್ ಉಳಿಯಬೇಕು. ಈ ಉಪಾಯವನ್ನು ಅವನು ಹೆಂಡತಿ ರೂಸಾಳಿಗೂ ಹೇಳಲಿಲ್ಲ. ಊರವರು ನಕ್ಕಾರೆಂಬ ಭಯದಿಂದಲ್ಲ. ಗೊತ್ತಾದರೆ ಮಾರನೆಯ ದಿನವೇ ಪ್ರತಿಯೊಬ್ಬರ ಕಾರಿನಲ್ಲೂ ಒಂದೊಂದು ಬಿರಡೆ ಬಂದು ಕೂರುತ್ತದೆ, ತನಗೆ ಮೂರು ಕಾಸಿನ ಲಾಭವೂ ಇರುವುದಿಲ್ಲ ಎಂದು. ಹೀಗೆ ಬಾಯಿ ಬಿಗಿ ಹಿಡಿದು ಹಿಡಿದು, ವರ್ಷಗಳು ಕಳೆದಂತೆ, ಕೊನೆಗೆ ಅವನಿಗೇ ಅದು ಮರೆತುಹೋಯಿತು. ಪೆಡಲು ಎಲ್ಲಿ ನಿಲ್ಲುತ್ತದೋ ಅಲ್ಲೇ ಕಾರಿನ ನೆಲ ಎಂದು ಅವನ ಕಾಲು ನಂಬಿಬಿಟ್ಟಿತು.

ಅವನ ತಂಗಿ ಝಾಗೊರ್ಕಾಳ ಮಗ ವೆಲಿಬೋರನಿಗೆ ನಿಶ್ ಪಟ್ಟಣದ ಹುಡುಗಿ ಗೊತ್ತಾದಾಗ ದೇಸಿಮಿರನಿಗಿಂತ ಹೆಚ್ಚು ಖುಷಿಪಟ್ಟವರಿಲ್ಲ. ನಮ್ಮ ಕಡೆ ಮದುವೆ ದಿಬ್ಬಣದಲ್ಲಿ ವರನ ಸೋದರಮಾವನ ಕಾರೇ ಎಲ್ಲಕ್ಕಿಂತ ಮುಂದೆ. ಬಾವುಟ ಕಟ್ಟಿಕೊಂಡು ಹೋಗಿ ವಧುವನ್ನು ಕರೆತರುವುದು ಅದೇ ಕಾರು. ದೇಸಿಮಿರನ ಮದುವೆಗೆ ಅವನ ಸೋದರಮಾವ ಟ್ರಾಕ್ಟರ್ ಓಡಿಸಿಕೊಂಡು ಮುಂದೆ ಹೋಗಿದ್ದ. ಅದನ್ನು ಜನ ಇವತ್ತಿಗೂ ನೆನೆಯುತ್ತಾರೆ. ದೇಸಿಮಿರನಿಗೆ ಮಕ್ಕಳಿಲ್ಲ, ಇರುವವನು ಈ ಒಬ್ಬನೇ ಸೋದರಳಿಯ. ಬದುಕಿನಲ್ಲಿ ಒಮ್ಮೆ ಎಲ್ಲರಿಗಿಂತ ಮುಂದೆ ಹೋಗುವ ಅವಕಾಶ ಅವನಿಗೆ ಸಿಗುವುದಿದ್ದರೆ ಅದು ಇದೇ ಮದುವೆಯಲ್ಲಿ.

ಸರಿಯಾಗಿ ಆಗಲೇ ಕಾರು ಕೆಮ್ಮತೊಡಗಿತು. ಚಿಕ್ಕ ಏರಿನಲ್ಲೂ ಉಸಿರು ಕಟ್ಟಿದಂತೆ ನಡುಗುವುದು, ಹಿಂದಿನಿಂದ ಕಪ್ಪು ಹೊಗೆ, ಎದುರಿಗೆ ಹಳದಿ ದೀಪ. ದೇಸಿಮಿರ ಮೊದಲು ದೀಪದ ಮೇಲೆ ಒಂದು ತುಂಡು ಟೇಪು ಅಂಟಿಸಿ ನೋಡಿದ. ಅದರಿಂದ ದೀಪದ ಸಮಸ್ಯೆ ಬಗೆಹರಿಯಿತು, ಹೊಗೆಯದು ಬಗೆಹರಿಯಲಿಲ್ಲ. ಕಡೆಗೆ ಗತಿಯಿಲ್ಲದೆ ಮೆಕ್ಯಾನಿಕ್ ಲ್ಯುಬಿಂಕೊನ ಗ್ಯಾರೇಜಿಗೆ ಹೋದ.

ಲ್ಯುಬಿಂಕೊ ಬಾನೆಟ್ ಎತ್ತಿ, ಮೂಗು ಹಿಡಿದುಕೊಂಡು ವಿಷಯ ಬಿಡಿಸಿ ಹೇಳಿದ. ಡೀಸೆಲ್ ಇಂಜಿನ್ ತಾನು ಬಿಟ್ಟ ಹೊಗೆಯಲ್ಲಿ ಸ್ವಲ್ಪವನ್ನು ತಾನೇ ಮತ್ತೆ ಒಳಗೆಳೆದುಕೊಳ್ಳುತ್ತದೆ. ಎಷ್ಟು ಎಳೆದುಕೊಳ್ಳಬೇಕೆಂದು ಬಾಗಿಲು ಕಾಯುವುದು ಇಜಿಆರ್ ವಾಲ್ವು. ಅಲ್ಲಿ ಮಸಿ ಕಟ್ಟಿ ಕಟ್ಟಿ ಬಾಗಿಲು ಈಗ ಮುಚ್ಚಲಾರದೆ ನಿಂತಿದೆ, ಕಾರು ತನ್ನ ಹೊಗೆಯನ್ನೇ ಕುಡಿದು ಉಸಿರುಗಟ್ಟುತ್ತಿದೆ. ಇಂಥದ್ದು ಹೆಚ್ಚಾಗಿ ಪೇಟೆಯೊಳಗೆ ಆಮೆಯಂತೆ ಓಡುವ ಕಾರುಗಳಿಗೇ ಬರುತ್ತದೆ, ಇಂಜಿನ್ ಒಮ್ಮೆಯಾದರೂ ಚೆನ್ನಾಗಿ ಕಾದರೆ ಮಸಿ ಇಷ್ಟು ನಿಲ್ಲುವುದಿಲ್ಲ ಎಂದ. ಹೊಸ ವಾಲ್ವು, ಕೂಲಿ ಎಲ್ಲ ಸೇರಿ ನಲವತ್ತೈದು ಸಾವಿರ ದಿನಾರ್ ಆಗುತ್ತದೆ ಎಂದೂ ಹೇಳಿದ. ದೇಸಿಮಿರ ಅಲ್ಲೇ ಇದ್ದ ಟೈರಿನ ಮೇಲೆ ಕುಳಿತ.

"ದೇಸಿಮಿರಣ್ಣ, ಗಾಬರಿ ಆಗ್ಬೇಡ. ಖರ್ಚಿಲ್ಲದ ಔಷಧಿ ಮೊದಲು ನೋಡೋಣ," ಎಂದ ಲ್ಯುಬಿಂಕೊ. "ಹೆದ್ದಾರಿಗೆ ಹತ್ತು. ಮೂರನೇ ಗೇರಲ್ಲಿ ಹಾಕ್ಕೊಂಡು ಪೆಡಲನ್ನ ನೆಲಕ್ಕೆ ಮುಟ್ಟೋ ಹಾಗೆ ಒತ್ತು. ಅರ್ಧ ಗಂಟೆ ಹಾಗೇ ಓಡಿಸು, ಮಸಿ ಎಲ್ಲ ತಾನಾಗಿ ಕಾರ್ಕೊಳ್ಳುತ್ತೆ."

ಹೆದ್ದಾರಿಯೆಂದರೆ ಸುಂಕ. ದೇಸಿಮಿರ ಹಳೆಯ ರಸ್ತೆಯಲ್ಲೇ ಹೋದ. ಮೂರನೇ ಗೇರಿಗೆ ಹಾಕಿ, ದೇವರ ಮೇಲೆ ಭಾರ ಹಾಕಿ, ನೆಲಕ್ಕೆ ಮುಟ್ಟುವ ತನಕ ಒತ್ತಿದ. ಎಂದರೆ ಬಿರಡೆಗೆ ಮುಟ್ಟುವ ತನಕ. ಎತ್ತಿನ ಗಾಡಿಯ ವೇಗದಲ್ಲಿ ಸ್ವಲ್ಪ ದೂರ ಹೋಗಿ, ಸುಡುತ್ತಿರುವ ಡೀಸೆಲನ್ನು ನೆನೆದು ಹೊಟ್ಟೆ ಉರಿದು, ತಿರುಗಿ ಬಂದ. ನೀನು ಹೇಳಿದ್ದನ್ನೆಲ್ಲ ಮಾಡಿದೆ, ಏನೂ ಆಗಲಿಲ್ಲ ಎಂದು ಲ್ಯುಬಿಂಕೊನ ಮುಂದೆ ಎದೆ ತಟ್ಟಿ ಹೇಳಿದ. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲೂ ಇಲ್ಲ. ಹಾಗಿದ್ದರೆ ವಾಲ್ವನ್ನೇ ಬದಲಿಸಬೇಕು ಎಂದ ಲ್ಯುಬಿಂಕೊ. ದೇಸಿಮಿರ ಮದುವೆ ಮುಗಿಯಲಿ ಎಂದು ಕಾರು ಹತ್ತಿದ.

ಊರೇನು ದೊಡ್ಡದೇ. ಕಾರಿನ ಕೆಮ್ಮು ಝಾಗೊರ್ಕಾಳ ಕಿವಿಗೂ ಬಿತ್ತು. ಅವಳ ಮೈದುನ ಸ್ಟೊಯಾದಿನ್ ಆಗತಾನೆ ಹಾಲಿನ ಬಣ್ಣದ ಹೊಸ ಪೆಟ್ರೋಲ್ ಕಾರು ಕೊಂಡಿದ್ದ. ನಾನು ಮುಂದೆ ಹೋಗುತ್ತೇನೆ ಬಿಡಿ ಅತ್ತಿಗೆ, ಪಾಪ ದೇಸಿಮಿರ ಭಾವನಿಗೆ ಯಾಕೆ ತೊಂದರೆ ಎಂದು ದಿನಕ್ಕೊಮ್ಮೆ ಬಂದು ಹೇಳುತ್ತಿದ್ದ. ಝಾಗೊರ್ಕಾ ಅಣ್ಣನಿಗೆ ಫೋನ್ ಮಾಡಿ, ನಿನ್ನ ಕಾರನ್ನೊಮ್ಮೆ ತಂದು ತೋರಿಸು, ಹೊಗೆ ಕಂಡರೆ ನೀನು ಹಿಂದೆ, ಅವನು ಮುಂದೆ ಎಂದು ಖಂಡಿತವಾಗಿ ಹೇಳಿಬಿಟ್ಟಳು.

ಆ ದಿನ ದೇಸಿಮಿರ ತೋರಿಸಿದ ಬುದ್ಧಿಯನ್ನು ಮೆಚ್ಚಲೇಬೇಕು. ತಂಗಿಯ ಮನೆ ಇರುವುದು ಇಳಿಜಾರಿನ ಕೆಳಗೆ. ಅವನು ಮೇಲಿನ ತಿರುವಿನಲ್ಲೇ ಇಂಜಿನ್ ಆರಿಸಿ, ಗೇರು ತೆಗೆದು, ಕಾರನ್ನು ಹಾಗೇ ಉರುಳಲು ಬಿಟ್ಟ. ಹೊಗೆಯಿಲ್ಲ, ಸದ್ದಿಲ್ಲ. ಕಾರು ಹಂಸದ ಹಾಗೆ ತೇಲಿಬಂದು ಗೇಟಿನ ಮುಂದೆ ನಿಂತಿತು. ಎಷ್ಟು ಮೆತ್ತಗೆ ಓಡುತ್ತದಲ್ಲ ಅಣ್ಣಾ ಎಂದು ಝಾಗೊರ್ಕಾ ಕಣ್ಣರಳಿಸಿದಳು. ವಾಪಸು ಏರು ಹತ್ತಿಸುವ ಪ್ರಶ್ನೆ ಬಂದಾಗ ದೇಸಿಮಿರ, ಹೇಗೂ ಹೂವು ಕಟ್ಟಬೇಕಲ್ಲ, ಮದುವೆಯ ತನಕ ಇಲ್ಲೇ ಇರಲಿ ಎಂದು ಹೇಳಿ ನಡೆದೇ ಮನೆಗೆ ಹೋದ.

ಭಾನುವಾರ ಬೆಳಿಗ್ಗೆ ದಿಬ್ಬಣ ಹೊರಟಿತು. ಕನ್ನಡಿಗಳಿಗೆ ಬಿಳಿಯ ಕಸೂತಿ ಟವೆಲು, ಎಲ್ಲರ ಎದೆಯ ಮೇಲೆ ಹೂವು, ಹಿಂದಿನ ಕಾರೊಂದರಲ್ಲಿ ಅಕಾರ್ಡಿಯನ್ ನುಡಿಸುವವನು. ದೇಸಿಮಿರ ಇದನ್ನೂ ಮೊದಲೇ ಯೋಚಿಸಿಟ್ಟಿದ್ದ. ಪಿರೋಟ್‌ನಿಂದ ನಿಶ್ ಕಡೆಗೆ ಹಳೆಯ ರಸ್ತೆ ನದಿಯ ಜೊತೆಗೇ ಇಳಿಯುತ್ತದೆ. ಇಳಿಜಾರಿನಲ್ಲಿ ಕಾರು ತನ್ನಷ್ಟಕ್ಕೆ ತಾನು ಹೋಯಿತು. ಇಷ್ಟು ನಿಧಾನವಾಗಿ, ಇಷ್ಟು ಗಂಭೀರವಾಗಿ ಹೋದ ದಿಬ್ಬಣ ಇನ್ನೊಂದಿಲ್ಲ ಎಂದು ದಾರಿಯಲ್ಲಿ ನಿಂತವರು ಟೋಪಿ ತೆಗೆದರು. ಒಬ್ಬ ಮುದುಕಿಯಂತೂ ಇದು ಶವಯಾತ್ರೆಯೆಂದು ಶಿಲುಬೆಯ ಗುರುತು ಹಾಕಿಕೊಂಡಳು.

ನಿಶ್‌ನಲ್ಲಿ ಪದ್ಧತಿಯಂತೆ ವಧುವಿನ ಮನೆಯ ಮೇಲೆ ಕಟ್ಟಿದ್ದ ಸೇಬಿಗೆ ವರ ಗುಂಡು ಹೊಡೆದದ್ದು, ವಧುವಿನ ಅಣ್ಣಂದಿರು ಬಾಗಿಲಿಗೆ ಅಡ್ಡ ನಿಂತು ಕಾಸಿಗಾಗಿ ಚೌಕಾಸಿ ಮಾಡಿದ್ದು ಎಲ್ಲ ಆಯಿತು. ಆ ಚೌಕಾಸಿಯಲ್ಲಿ ದೇಸಿಮಿರನ ಎದುರು ನಿಶ್‌ನವರು ಸೋತು ಸುಣ್ಣವಾದರು. ವಧು ದುನ್ಯಾಳ ಲಂಗ ಎಷ್ಟು ದೊಡ್ಡದಿತ್ತೆಂದರೆ ಹಿಂದಿನ ಸೀಟಿಗೆ ಹೋಗಲಿಲ್ಲ. ಅವಳನ್ನು ದೇಸಿಮಿರನ ಪಕ್ಕದಲ್ಲೇ ಕೂರಿಸಿ, ವೆಲಿಬೋರ ಹಿಂದೆ ಕುಳಿತ. ಹೊಸ ಮನೆ ಮುಟ್ಟುವ ತನಕ ಹಿಂದೆ ತಿರುಗಿ ನೋಡಬಾರದು ಎಂದು ಅವಳ ತಾಯಿ ಕಣ್ಣೊರೆಸಿಕೊಂಡು ನೆನಪಿಸಿದಳು. ದೇಸಿಮಿರ ಕಾರನ್ನು ಹಳೆಯ ರಸ್ತೆಯ ಕಡೆಗೆ ತಿರುಗಿಸಿದ.

"ಮಾವ, ಈ ಕಡೆ ಅಲ್ಲ," ಎಂದ ವೆಲಿಬೋರ. "ಬಂದ ದಾರೀಲಿ ದಿಬ್ಬಣ ವಾಪಸ್ ಹೋಗೋ ಹಾಗಿಲ್ಲವಲ್ಲ."

ದೇಸಿಮಿರ ಬ್ರೇಕ್ ಒತ್ತಿದ. ಹೆಣ್ಣು ಕರೆತಂದವರು ಬೇರೆ ದಾರಿಯಲ್ಲೇ ಬರಬೇಕು, ಇಲ್ಲದಿದ್ದರೆ ಬಂದ ಸುಖ ಅದೇ ದಾರಿಯಲ್ಲಿ ತಿರುಗಿ ಹೋಗುತ್ತದಂತೆ. ಇದು ಎಳೆ ಮಕ್ಕಳಿಗೂ ಗೊತ್ತಿರುವ ವಿಷಯ. ಇಳಿಜಾರು, ಡೀಸೆಲ್, ಹೊಗೆ ಎಂದು ಎಲ್ಲ ಲೆಕ್ಕ ಹಾಕಿದವನಿಗೆ ಅದೊಂದೇ ಹೊಳೆದಿರಲಿಲ್ಲ. ಉಳಿದದ್ದು ಹೆದ್ದಾರಿ. ಸುಂಕದ್ದು ಹಾಗಿರಲಿ, ಪೂರ್ತಿ ಏರು.

ಮೊದಲನೆಯ ಏರಿನಲ್ಲೇ ಕಾರು ಕೆಮ್ಮಿತು. ಹಿಂದೆ ಕಪ್ಪು ಹೊಗೆ ಎಷ್ಟು ಎದ್ದಿತೆಂದರೆ ಅಕಾರ್ಡಿಯನ್ ನಿಂತು ಅದನ್ನು ನುಡಿಸುವವನ ಕೆಮ್ಮು ಕೇಳಿಸಿತು. ಲಾರಿಗಳು ಹಾರ್ನ್ ಹೊಡೆದು ದಾಟಿಹೋದವು.

"ಹಿಂದೆ ಏನಾಗ್ತಿದೆ?" ಎಂದಳು ದುನ್ಯಾ, ಕತ್ತು ನೆಟ್ಟಗೆ ಹಿಡಿದುಕೊಂಡು.

"ಏನೂ ಇಲ್ಲ," ಎಂದ ವೆಲಿಬೋರ. ಅವನು ಹೇಳಿದ್ದು ನಿಜವೇ, ಹಿಂದೆ ಏನೂ ಕಾಣುತ್ತಿರಲಿಲ್ಲ.

ಆ ಹೊಗೆಯಿಂದ ಹಾಲಿನ ಬಣ್ಣದ ಕಾರು ಹೊರಬಂದು ಪಕ್ಕಕ್ಕೆ ಸೇರಿತು. ಸ್ಟೊಯಾದಿನ್ ಗಾಜು ಇಳಿಸಿದ. ಅವನ ಮುಖದಲ್ಲಿದ್ದ ಕನಿಕರವನ್ನು ನೋಡಿದರೆ ಯಾರಿಗಾದರೂ ಎರಡು ಬಾರಿಸಬೇಕೆನಿಸುತ್ತಿತ್ತು.

"ಭಾವ, ಪಕ್ಕಕ್ಕೆ ಹಾಕ್ಕೊಳ್ಳಿ. ಹುಡುಗೀನ ನನ್ನ ಕಾರಿಗೆ ಕಳಿಸಿ. ಕತ್ತಲಾಗೋದ್ರೊಳಗೆ ಮನೆ ಸೇರಿಸ್ತೀನಿ."

ದೇಸಿಮಿರ ಎದುರಿನ ಏರನ್ನೇ ನೋಡಿದ. ತಂಗಿ ಗೇಟಿನಲ್ಲಿ ಕಾಯುತ್ತಾ ನಿಂತಿರುತ್ತಾಳೆ, ಮೊದಲು ಬರುವ ಕಾರಿನಲ್ಲಿ ತಾನಿರುವುದಿಲ್ಲ. ಅದನ್ನು ನೆನೆದು ಅವನಿಗೆ ನಿಜವಾಗಿ ಅಳು ಬಂತು. ಅರವತ್ತು ದಾಟಿದ ಗಂಡಸು ಸೊಸೆಯ ಮುಂದೆ ಅಳುವುದು ಹೇಗೆಂದು ಹಲ್ಲು ಕಚ್ಚಿ ಪೆಡಲು ಒತ್ತಿದ.

"ಒತ್ತಿ ಮಾವ," ಎಂದ ವೆಲಿಬೋರ ಹಿಂದಿನಿಂದ.

"ಒತ್ತಿದೀನಿ ಕಣೋ. ನೆಲಕ್ಕೆ ಮುಟ್ಟಿದೆ."

"ಎಲ್ಲಿ ಮುಟ್ಟಿದೆ?" ಎಂದಳು ದುನ್ಯಾ. ಹಿಂದೆ ನೋಡುವಂತಿಲ್ಲದ ಹುಡುಗಿ, ಪಾಪ, ಅಷ್ಟು ಹೊತ್ತಿನಿಂದ ಎದುರಿಗಿದ್ದುದನ್ನೇ ನೋಡುತ್ತಿದ್ದಳು. "ಕೆಳಗೆ ಏನೋ ಸಿಕ್ಕಿಹಾಕ್ಕೊಂಡಿದೆ ಮಾವ. ಬಿರಡೆ ಥರ ಇದೆ."

ಬಿರಡೆ ಎನ್ನುವ ಮಾತು ಕಿವಿಗೆ ಬಿದ್ದದ್ದೇ ದೇಸಿಮಿರನಿಗೆ ಅಟ್ಟ, ಸಾಸೇಜು, ಬಾಟಲಿ, ಗೋಂದು ಎಲ್ಲ ಒಟ್ಟಿಗೆ ನೆನಪಾಯಿತು. ಲ್ಯುಬಿಂಕೊ ಹೇಳಿದ ನೆಲ ಇನ್ನೂ ಕೆಳಗಿತ್ತು. ತಾನು ಉಳಿಸಿದೆನೆಂದುಕೊಂಡದ್ದೆಲ್ಲ ಮಸಿಯಾಗಿ ಆ ವಾಲ್ವಿನಲ್ಲಿ ಕೂತಿತ್ತು.

"ಕಿತ್ತು ಹಾಕಮ್ಮ," ಎಂದ.

ಅವನು ಕಾಲೆತ್ತಿದ. ಕಾರು ನಿಲ್ಲುವ ಹಾಗಾಯಿತು. ಸ್ಟೊಯಾದಿನ್ ತನಗೆ ಜಯ ಸಿಕ್ಕಿತೆಂದು ತಾನೂ ನಿಧಾನ ಮಾಡಿ ಪಕ್ಕದಲ್ಲೇ ಉಳಿದ. ದುನ್ಯಾ ಲಂಗವನ್ನೆಲ್ಲ ಒಟ್ಟುಗೂಡಿಸಿ ಬಗ್ಗಿ, ಮದುವೆಯ ಚಪ್ಪಲಿ ಕಳಚಿ, ಅದರ ಹಿಮ್ಮಡಿಯಿಂದ ಮೀಟಿದಳು. ಬಿರಡೆ ಟಪ್ಪೆಂದು ಹಾರಿ ಅವಳ ಮಡಿಲಿಗೆ ಬಿತ್ತು. ದೇಸಿಮಿರ ಮೂರನೇ ಗೇರಿಗೆ ಹಾಕಿ ಒತ್ತಿದ. ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ ಪೆಡಲು ಕೆಳಗೆ ಕೆಳಗೆ ಹೋಯಿತು.

ಕಾರು ಒಂದು ಕ್ಷಣ ಏನೂ ಮಾಡಲಿಲ್ಲ. ಆಮೇಲೆ ಒಳಗಿನಿಂದ ದೊಡ್ಡದೊಂದು ಗರ್ಜನೆ ಬಂತು, ಅಷ್ಟು ವರ್ಷಗಳ ಮಸಿ ಒಂದೇ ಸಲಕ್ಕೆ ಹೊರಗೆ ಬಿತ್ತು, ಕಾರು ಮುಂದಕ್ಕೆ ನೆಗೆಯಿತು. ದೇಸಿಮಿರನ ಟೋಪಿ ವೆಲಿಬೋರನ ತೊಡೆಯ ಮೇಲೆ ಹೋಗಿ ಬಿತ್ತು. ದುನ್ಯಾ ಗಾಜು ಇಳಿಸಿ ಬಿರಡೆಯನ್ನು ಎಸೆಯಲು ಹೋದಳು.

"ಎಸೀಬೇಡ, ಒಳ್ಳೇ ಬಿರಡೆ ಅದು," ಎಂದು ದೇಸಿಮಿರ ಹೌಹಾರಿದ. ಅವಳು ನಗುತ್ತ ಅದನ್ನು ಹೂಗುಚ್ಛದೊಳಗೆ ಸಿಕ್ಕಿಸಿಕೊಂಡಳು.

ಅಲ್ಲಿಂದ ಪಿರೋಟ್ ತನಕ ಆ ಮನುಷ್ಯ ಕಾಲೆತ್ತಲಿಲ್ಲ. ಲಾರಿಗಳನ್ನೆಲ್ಲ ಒಂದೊಂದಾಗಿ ಹಿಂದೆ ಹಾಕಿದ. ಡೀಸೆಲ್ ಮುಳ್ಳು ಇಳಿಯುತ್ತಿದ್ದುದನ್ನು ನೋಡಿಯೂ ನೋಡದಂತೆ ಓಡಿಸಿದ. ಇಷ್ಟು ಸುಖ ಆ ಪೆಡಲಿನ ಕೆಳಗೇ ಇತ್ತಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. ಊರು ಬಂದಾಗ ಹೊಗೆ ತೆಳ್ಳಗಾಗಿ ಬಿಳಿಚಿತ್ತು, ಕೆಮ್ಮು ನಿಂತಿತ್ತು.

ಝಾಗೊರ್ಕಾ ಸೊಸೆಯನ್ನು ಎದುರುಗೊಳ್ಳಲು ರೊಟ್ಟಿ, ಉಪ್ಪು ಹಿಡಿದುಕೊಂಡು ಗೇಟಿನಲ್ಲಿ ನಿಂತಿದ್ದಳು. ಉಳಿದವರೆಲ್ಲ ಎಲ್ಲಿ ಎಂದು ಕೇಳಿದಳು. ಬರುತ್ತಿದ್ದಾರೆ, ನಿಧಾನದ ಜನ ಎಂದ ದೇಸಿಮಿರ. ಅವರು ಬಂದದ್ದು ವಧುವಿಗೆ ರೊಟ್ಟಿ ತಿನ್ನಿಸಿ ಒಳಗೆ ಕರೆದ ಮೇಲೆ. ಟವೆಲುಗಳು ಕಪ್ಪು, ಅಕಾರ್ಡಿಯನ್ ಕಪ್ಪು. ಸ್ಟೊಯಾದಿನನ ಕಾರು ಮಚ್ಚೆ ಹಸುವಿನಂತೆ ಆಗಿತ್ತು. ಗಾಜು ಇಳಿಸಿಕೊಂಡೇ ಇದ್ದ ಸ್ಟೊಯಾದಿನನ ಮುಖದಲ್ಲಿ ಕಣ್ಣೆರಡನ್ನು ಬಿಟ್ಟರೆ ಬೇರೇನೂ ಗುರುತು ಸಿಗುತ್ತಿರಲಿಲ್ಲ.

ಊಟದ ಹೊತ್ತಿಗೆ ಎಲ್ಲರೂ ಕೈಕೈ ಹಿಡಿದು ಕೋಲೊ ಕುಣಿಯತೊಡಗಿದರು. ಲ್ಯುಬಿಂಕೊ ಬಂದು, ಅಳಿದುಳಿದ ಮಸಿಯನ್ನು ನಾಳೆ ಕೆರೆದು ಕೊಡುತ್ತೇನೆ, ಹೊಸ ವಾಲ್ವು ಬೇಕಾಗಿಲ್ಲ, ಒಂದು ಸಾಸೇಜು ಕೊಟ್ಟರೆ ಸಾಕು, ಆದರೆ ಈ ಸಲ ದಪ್ಪಗಿರಲಿ ಎಂದು ಹೇಳಿ ಹೋದ. ದೇಸಿಮಿರ ಮೂಲೆಯ ಬೆಂಚಿನಲ್ಲಿ ಹಿಗ್ಗಿ ಕುಳಿತಿದ್ದ. ಝಾಗೊರ್ಕಾ ಬಂದು ಪಕ್ಕದಲ್ಲಿ ಕುಳಿತಳು.

"ಅಣ್ಣಾ, ಆವತ್ತು ಇಂಜಿನ್ ಆಫ್ ಮಾಡ್ಕೊಂಡು ಉರುಳಿ ಬಂದೆ ಅಲ್ವಾ?"

ದೇಸಿಮಿರ ಲೋಟದೊಳಗೆ ನೋಡಿದ. "ನಿನಗೆ ಗೊತ್ತಿತ್ತಾ?"

"ಕೀಲಿ ನಿನ್ನ ಜೇಬಲ್ಲೇ ಇತ್ತು, ತುದಿ ಕಾಣ್ತಿತ್ತು."

ಕೀಲಿ ಹಾಕದೆ ಬಂದಿದ್ದರೆ ಸ್ಟೀರಿಂಗೇ ತಿರುಗುತ್ತಿರಲಿಲ್ಲ ಎಂದು ಅವನು ವಾದ ಹೂಡಬಹುದಿತ್ತು. ನಿಂತ ಕೂಡಲೇ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡದ್ದು ಅವನೇ. ಆದರೆ ವಾದ ಮಾಡುವ ಮನಸ್ಸಾಗಲಿಲ್ಲ. ಹಾಗಿದ್ದರೆ ಯಾಕೆ ತನ್ನನ್ನೇ ಮುಂದೆ ಕಳಿಸಿದೆ ಎಂದು ಮೆಲ್ಲಗೆ ಕೇಳಿದ.

"ನೀನು ನನ್ನಣ್ಣ. ನಿನ್ನ ಬಿಟ್ಟು ಇನ್ಯಾರನ್ನ ಮುಂದೆ ಕಳಿಸ್ಲಿ?" ಎಂದಳು ಝಾಗೊರ್ಕಾ. ಆಮೇಲೆ ಕುಣಿಯುವವರ ಕಡೆ ನೋಡುತ್ತ, ದನಿ ತಗ್ಗಿಸಿ ಸೇರಿಸಿದಳು. "ಅದೂ ಅಲ್ಲದೆ ಸ್ಟೊಯಾದಿನ್ ಪೆಟ್ರೋಲಿಗೆ ದುಡ್ಡು ಕೇಳಿದ್ದ."

ದೇಸಿಮಿರನ ಕೋಟಿನ ಜೇಬಿನಲ್ಲಿ ಹೆದ್ದಾರಿಯ ಸುಂಕದ ಚೀಟಿ ಇತ್ತು. ಊಟವಾದ ಮೇಲೆ ತಂಗಿಯ ಮುಂದೆ ಹಿಡಿಯಬೇಕೆಂದು ಅವನು ಅದನ್ನು ನಾಲ್ಕಾಗಿ ಮಡಿಸಿ ಜೋಪಾನ ಮಾಡಿದ್ದ. ಈಗ ಅದನ್ನು ಎರಡು ಬೆರಳಿನಿಂದ ಜೇಬಿನ ತಳಕ್ಕೆ ತಳ್ಳಿ, ತಂಗಿಯ ಕೈ ಹಿಡಿದುಕೊಂಡು ಕುಣಿಯಲು ಎದ್ದ.