ಅಲ್ ಐನ್‌ಗೆ ಒಯ್ದ ಬೇಸ್‌ಬಾಲ್ ಕಾರ್ಡು

ಕಳೆದ ವರ್ಷ ರಂಜಾನ್ ಮುಗಿದ ಮೇಲಿನ ಎರಡನೇ ಶನಿವಾರ. ದುಬೈ ಸಿಲಿಕಾನ್ ಓಯಸಿಸ್‌ನಿಂದ ಅಲ್ ಐನ್‌ನ ಆಸ್ಪತ್ರೆಗೆ ನಾನು ಅಂಗೈಯಷ್ಟು ದೊಡ್ಡ ಒಂದು ಹಳೆಯ ರಟ್ಟಿನ ಕಾರ್ಡನ್ನು ಒಯ್ದು ಕೊಡಬೇಕಿತ್ತು. ಒಂದೂಕಾಲು ಗಂಟೆಯ ದಾರಿ, ಅಷ್ಟೇ ಕೆಲಸ. ಆದರೆ ಏನೇನು ಎಡವಟ್ಟಾಗಬಹುದು ಎಂಬ ಪಟ್ಟಿ ಎರಡು ದಿನ ಮೊದಲೇ ನನ್ನ ತಲೆಯಲ್ಲಿ ತಯಾರಾಗಿತ್ತು. ಬಿಸಿಲಿಗೆ ಟಯರ್ ಒಡೆಯಬಹುದು. ಒಂಟೆ ಅಡ್ಡ ಬರಬಹುದು. ದಾರಿಯುದ್ದಕ್ಕೂ ಬೇಲಿ ಹಾಕಿದ್ದಾರೆ ನಿಜ, ಅದು ಒಂಟೆಗೂ ಗೊತ್ತಿರಬೇಕಲ್ಲ. ಕಾರಿನ ಎ.ಸಿ. ಕೈಕೊಟ್ಟು ಕಾರ್ಡು ಹಪ್ಪಳದ ಹಾಗೆ ಮುರುಟಬಹುದು. ಎ.ಸಿ. ಚೆನ್ನಾಗಿಯೇ ಇದ್ದರೆ ಹೊರಗಿಳಿದ ಕೂಡಲೇ ಕಾರ್ಡು ಬೆವೆತು ಶಾಯಿ ಹರಡಬಹುದು. ಆಸ್ಪತ್ರೆಯ ಸೆಕ್ಯುರಿಟಿಯವನು "ಲಕೋಟೆಯಲ್ಲಿ ಏನು?" ಎಂದು ಕೇಳಿದಾಗ ನಾನು ತಡವರಿಸಿ, ಆ ತಡವರಿಕೆಯಿಂದಲೇ ಕಳ್ಳನೆನಿಸಿಕೊಂಡು, ಕೇಸಾಗಿ, ವೀಸಾ ರದ್ದಾಗಬಹುದು. ಕೊನೆಯದಾಗಿ, ನಾನು ತಲುಪುವ ಹೊತ್ತಿಗೆ ಆ ಕಾರ್ಡಿನ ಯಜಮಾನರೇ ಇಲ್ಲದಿರಬಹುದು.

ಕೊನೆಯದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೆಂಡತಿ ಶಾಲಿನಿಗೆ ಹೇಳಿದೆ. ಅವಳು ಚಪಾತಿ ಲಟ್ಟಿಸುತ್ತಿದ್ದವಳು ನಿಲ್ಲಿಸಲೂ ಇಲ್ಲ.

"ಒಂಟೆಗೂ ಟೆನ್ಶನ್ ಕೊಟ್ರಲ್ಲ ನೀವು! ಬರೀ ಒಂದು ಕಾರ್ಡು. ಸುಮ್ನೆ ಮಂಡೆಬಿಸಿ ಮಾಡ್ಬೇಡಿ ಮಾರಾಯ್ರೆ."

ಕಾರ್ಡಿನ ಯಜಮಾನರು ಮಿಸ್ಟರ್ ರೇ. ಅಮೆರಿಕದವರು, ಎಪ್ಪತ್ತೆರಡು ವರ್ಷ, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿಲ್ಲ. ಹನ್ನೊಂದು ವರ್ಷ ನನ್ನ ಬಾಸ್. ನಮ್ಮದು ಇಂಜಿನಿಯರಿಂಗ್ ಕಂಪನಿ. ನಾನಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಹೆಸರು ದೊಡ್ಡದು, ಕೆಲಸ ಕಾಗದಗಳನ್ನು ಜೋಪಾನ ಮಾಡುವುದು. ನನ್ನಂಥ ಅಂಜುಬುರುಕನಿಗೆ ಹೇಳಿ ಮಾಡಿಸಿದ್ದು.

ರೇ ಅವರಿಗೆ ಬೇಸ್‌ಬಾಲ್ ಹುಚ್ಚು. ಚಹಾದ ಹೊತ್ತಿಗೆ ಸಕ್ಕರೆಯ ಪೊಟ್ಟಣಗಳನ್ನು ಮೇಜಿನ ಮೇಲೆ ನಾಲ್ಕು ಕಡೆ ಇಟ್ಟು ನನಗೆ ಆಟ ಕಲಿಸುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಹನ್ನೊಂದು ವರ್ಷದಲ್ಲಿ ನನಗೆ ಅರ್ಥವಾದದ್ದು ಇಷ್ಟೆ: ನಮ್ಮ ಕ್ರಿಕೆಟ್ಟಿನ ಹಾಗೆಯೇ, ಆದರೆ ಎಲ್ಲರಿಗೂ ಅವಸರ ಹೆಚ್ಚು. ಅವರ ಬಾಲ್ಯದಲ್ಲಿ ಒಬ್ಬ ಮಹಾ ಆಟಗಾರರಿದ್ದರಂತೆ. ಹೆಸರನ್ನು ನಾನಿಲ್ಲಿ ಬರೆಯಹೋದರೆ ಖಂಡಿತ ತಪ್ಪು ಬರೆಯುತ್ತೇನೆ, ಹಾಗಾಗಿ ಬಿಟ್ಟಿದ್ದೇನೆ. ರೇ ಕೂಡ ಹೆಸರು ಹಿಡಿದು ಹೇಳುತ್ತಿದ್ದುದು ಕಡಿಮೆ. "ಅವರು" ಎಂದರೆ ಸಾಕು, ನಮ್ಮ ಆಫೀಸಿನಲ್ಲಿ ಚಹಾ ತರುವವನಿಗೂ ಗೊತ್ತಿತ್ತು.

ಆ ವರ್ಷ ಸೈಟ್ ಕೆಲಸಕ್ಕೆಂದು ಅಲ್ ಐನ್‌ಗೆ ಹೋದ ರೇ ಅಲ್ಲೇ ಹಾಸಿಗೆ ಹಿಡಿದರು. ಶ್ವಾಸಕೋಶದ ಕಾಯಿಲೆ. ವಿಮಾನ ಹತ್ತುವ ಹಾಗಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಶನಿವಾರಗಳಂದು ನಾನು ನೋಡಿಕೊಂಡು ಬರುತ್ತಿದ್ದೆ.

ಒಂದು ಗುರುವಾರ ಮಧ್ಯಾಹ್ನ ಅವರ ಫೋನ್ ಬಂತು.

"ಸುರೇಶ್, ಅವರು ಹೋಗಿಬಿಟ್ಟರು. ಖಲಾಸ್."

ನಾನು ಪಕ್ಕದ ಮಂಚದ ಈಜಿಪ್ಟಿನ ಮುದುಕರೆಂದು ತಿಳಿದು, "ಅಯ್ಯೋ ಸರ್, ಮನೆಯವರಿಗೆ ಹೇಳಿದ್ದಾರಾ?" ಎಂದೆ. ಆ ಕಡೆಯಿಂದ ಮೊದಲು ನಗು ಕೇಳಿಸಿತು, ಆಮೇಲೆ ಕೆಮ್ಮು, ಆಮೇಲೆ ಅಳು. ಬಾಸ್ ಅಳುವುದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಾಯಿಸಿದೆ.

ತೀರಿಕೊಂಡದ್ದು ಆ ಆಟಗಾರರು. ಸಾವರಿಸಿಕೊಂಡು ರೇ ಕೇಳಿದ್ದು ಇದು. ಒಂದೇ ಬೀದಿಯಲ್ಲಿ ಬೆಳೆದ ಅವರ ಮೂವರು ಗೆಳೆಯರು ಅಮೆರಿಕದಲ್ಲಿದ್ದಾರೆ. ಚಿಕ್ಕಂದಿನಲ್ಲಿ ನಾಲ್ವರೂ ಆಟಗಾರರ ಕಾರ್ಡು ಕೂಡಿಟ್ಟವರು. ಶನಿವಾರ ಸಂಜೆ ಏಳಕ್ಕೆ ವಿಡಿಯೋ ಕಾಲಿನಲ್ಲಿ ಸೇರಿ, ಒಬ್ಬೊಬ್ಬರೂ "ಅವರ" ಕಾರ್ಡು ಹಿಡಿದುಕೊಂಡು ಒಂದೊಂದು ನೆನಪು ಹೇಳುವುದೆಂದು ಮಾತಾಗಿದೆ.

"ನನ್ನದು ಫ್ಲ್ಯಾಟಿನಲ್ಲಿದೆ. ತಂದುಕೊಡುತ್ತೀಯಾ? ಒಂದು ಸಲ ಕೈಯಲ್ಲಿ ಹಿಡಿಯಬೇಕು."

ಹನ್ನೊಂದು ವರ್ಷದಲ್ಲಿ ಆಫೀಸಿನದಲ್ಲದ ಕೆಲಸವೊಂದನ್ನು ಅವರು ನನ್ನಲ್ಲಿ ಕೇಳಿದ್ದು ಅದೇ ಮೊದಲು.

ಅರ್ಧ ಗಂಟೆ ಕಳೆದು ವಾರ್ಡಿನ ನರ್ಸ್ ಲವೀನಾ ಫೋನ್ ಮಾಡಿದರು. ಶಿರ್ವದ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು. ನಾನು ಕಾರ್ಕಳದವನೆಂದು ಗೊತ್ತಾದ ದಿನದಿಂದ ನನ್ನನ್ನು ಅಣ್ಣ ಎನ್ನುತ್ತಿದ್ದರು.

"ಅಣ್ಣ, ಆ ಕಾರ್ಡು ಮುಂದಿನ ವಾರಕ್ಕೆ ಅಂತ ಇಡ್ಬೇಡಿ ಆಯ್ತಾ? ಈ ಶನಿವಾರವೇ ಬನ್ನಿ."

ನನ್ನ ಪಟ್ಟಿಗೆ ಆ ಕೊನೆಯ ಸಾಲು ಸೇರಿದ್ದು ಆಗಲೇ.

ಶುಕ್ರವಾರ ರೇ ಅವರ ಫ್ಲ್ಯಾಟಿಗೆ ಹೋದೆ. ಬೀಗದ ಕೈ ಮೊದಲಿನಿಂದಲೂ ನನ್ನ ಬಳಿ ಒಂದು ಇತ್ತು. ಆದರೂ ವಾಚ್‌ಮನ್ನನ್ನು ಸಾಕ್ಷಿಗೆ ನಿಲ್ಲಿಸಿಕೊಂಡು, ಫೋನಿನಲ್ಲಿ ವಿಡಿಯೋ ಮಾಡುತ್ತಾ ಬಾಗಿಲು ತೆಗೆದೆ. "ಭಾಯಿ, ಚೋರ್ ಭೀ ಇತನಾ ನಹೀ ಡರ್ತಾ" ಎಂದ ವಾಚ್‌ಮನ್. ಕಳ್ಳನೂ ಇಷ್ಟು ಹೆದರುವುದಿಲ್ಲವಂತೆ.

ಕಪಾಟಿನಲ್ಲಿ ಅವರು ಹೇಳಿದಂತೆಯೇ ಶೂ ಪೆಟ್ಟಿಗೆ ಇತ್ತು. ಒಳಗೆ ಇನ್ನೂರಕ್ಕೂ ಹೆಚ್ಚು ಕಾರ್ಡುಗಳು, ಒಂದೊಂದೂ ತೆಳು ಪ್ಲಾಸ್ಟಿಕ್ಕಿನ ಕವರಿನಲ್ಲಿ. ಒಂದು ಮಾತ್ರ ಬಿಳಿ ಕರ್ಚೀಫಿನಲ್ಲಿ ಸುತ್ತಿಟ್ಟಿತ್ತು. ಬಿಚ್ಚಿ ನೋಡಿದರೆ ಬರಿಯ ಕಾರ್ಡು. ಮೂಲೆಗಳು ಸವೆದು ದುಂಡಗಾಗಿವೆ, ನಡುವೆ ಮಡಿಕೆ ಬಿದ್ದಿದೆ. ಹೆಗಲ ಮೇಲೆ ಬ್ಯಾಟ್ ಇಟ್ಟುಕೊಂಡು ನಗುವ ತರುಣ. ಅವನ ಎದೆಯ ಮೇಲೆ ಅಡ್ಡಕ್ಕೆ ನೀಲಿ ಶಾಯಿಯ ಸಹಿ.

ಉಳಿದವಕ್ಕೆಲ್ಲ ಕವರು, ಮುಖ್ಯವಾದದ್ದಕ್ಕೇ ಇಲ್ಲ! ವಯಸ್ಸಾಯಿತಲ್ಲ, ಮರೆತಿದ್ದಾರೆ, ಪಾಪ ಎಂದುಕೊಂಡೆ.

ಗಲ್ಫಿನಲ್ಲಿ ಇಪ್ಪತ್ತೆರಡು ವರ್ಷ ಕಳೆದವನ ಕೈಗೆ ಒಂದು ಅಮೂಲ್ಯ ಕಾಗದ ಸಿಕ್ಕಿದರೆ ಏನು ಮಾಡುತ್ತಾನೆ? ಲ್ಯಾಮಿನೇಟ್ ಮಾಡುತ್ತಾನೆ. ಡಿಗ್ರಿ ಸರ್ಟಿಫಿಕೇಟು, ಮಗಳ ವ್ಯಾಕ್ಸಿನ್ ಕಾರ್ಡು, ಅಮ್ಮನ ಫೋಟೋ, ಕೊನೆಗೆ ವಾಷಿಂಗ್ ಮೆಷಿನ್ನಿನ ವಾರಂಟಿಯನ್ನೂ ನಾನು ಲ್ಯಾಮಿನೇಟ್ ಮಾಡಿಟ್ಟಿದ್ದೇನೆ. ಮದುವೆಯ ಸರ್ಟಿಫಿಕೇಟನ್ನೂ ಮಾಡಿ, ಅದರ ಮೇಲೆ ಅಟೆಸ್ಟೇಶನ್ನಿನ ಮುದ್ರೆ ಕೂರುವುದಿಲ್ಲವೆಂದು ಕೌಂಟರಿನಲ್ಲಿ ವಾಪಸು ಕೊಟ್ಟಾಗ, ಶಾಲಿನಿ ಒಂದು ತಿಂಗಳು "ನಮಗೆ ಮದುವೆಯೇ ಆಗ್ಲಿಲ್ಲಂತೆ, ಗೊತ್ತುಂಟಾ?" ಎಂದು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ನಕ್ಕಿದ್ದಳು. ಅದಕ್ಕೇ ಈ ಸಲ ಅವಳಿಗೆ ಹೇಳಲಿಲ್ಲ.

ಆಫೀಸಿಗೆ ಹೋಗಿ ಯಂತ್ರ ಬಿಸಿಯಾಗಲು ಕಾದೆ. ಮೊದಲು ಒಂದು ವಿಸಿಟಿಂಗ್ ಕಾರ್ಡ್ ಹಾಕಿ ಪರೀಕ್ಷೆ ಮಾಡಿದೆ. ಆಮೇಲೆ ಉಸಿರು ಬಿಗಿಹಿಡಿದು ಅದನ್ನು ಹಾಕಿದೆ. ಒಂದೂ ಗುಳ್ಳೆಯಿಲ್ಲದೆ, ಬಿಸಿಬಿಸಿಯಾಗಿ, ಫಳಫಳ ಹೊಳೆಯುತ್ತಾ ಹೊರಬಂತು. ಸಹಿ ಮೊದಲಿಗಿಂತ ಕಡುವಾಗಿ ಕಂಡಿತು. ರೇ ಅವರ ಬೆರಳಿಗೆ ಚುಚ್ಚಬಾರದೆಂದು ಪ್ಲಾಸ್ಟಿಕ್ಕಿನ ನಾಲ್ಕೂ ಮೂಲೆಗಳನ್ನು ದುಂಡಗೆ ಕತ್ತರಿಸಿದೆ. ಅಷ್ಟು ಸಮಾಧಾನ ನನಗೆ ಆ ವರ್ಷದಲ್ಲಿ ಇನ್ನೊಮ್ಮೆ ಆಗಲಿಲ್ಲ.

ಶನಿವಾರ ಪಟ್ಟಿಯಲ್ಲಿದ್ದ ಒಂದೂ ನಡೆಯಲಿಲ್ಲ. ಆರೂವರೆಗೆ ವಾರ್ಡಿನಲ್ಲಿದ್ದೆ. ಬಾಗಿಲಲ್ಲೇ ಲವೀನಾ ಸಿಕ್ಕಿದರು. "ಬೆಳಿಗ್ಗೆಯಿಂದ ಮೂರು ಸಲ ಕನ್ನಡಿ ಕೇಳಿದ್ದಾರೆ ಅಣ್ಣ, ಮದುಮಗನ ಹಾಗೆ!" ಎಂದು ನಕ್ಕರು.

ರೇ ಶೇವ್ ಮಾಡಿಸಿಕೊಂಡು, ದಿಂಬಿಗೆ ಒರಗಿ ಕುಳಿತಿದ್ದರು. ಮೂಗಿನಲ್ಲಿ ಆಮ್ಲಜನಕದ ಟ್ಯೂಬು. ಕೈ ಚಾಚಿದರು. ಲಕೋಟೆಯಿಂದ ಕಾರ್ಡು ತೆಗೆದುಕೊಟ್ಟೆ. ಅದನ್ನು ಒಮ್ಮೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಅದನ್ನು ನೋಡಿದರು.

"ಲ್ಯಾಮಿನೇಷನ್ ಮಾಡಿದೆ, ಸರ್" ಎಂದೆ. "ಇನ್ನು ನೀರು ಬಿದ್ದರೂ ಏನೂ ಆಗುವುದಿಲ್ಲ."

ಅವರು ಹೆಬ್ಬೆರಳಿನಿಂದ ಆ ಸಹಿಯ ಮೇಲೆ ಸವರಿದರು. "ಹೌದು. ನೀರು ಬಿದ್ದರೂ ಏನೂ ಆಗುವುದಿಲ್ಲ."

ಅಷ್ಟರಲ್ಲಿ ಕಾಲ್ ಬಂತು. ಪರದೆಯ ಮೇಲೆ ಮೂರು ಮುದುಕರ ಮುಖಗಳು. ಫೋನ್ ಹಿಡಿದುಕೊಳ್ಳುವ ಕೆಲಸ ನನ್ನದು. ಮೊದಲನೆಯವರ ಕಾರ್ಡು ಅರ್ಧವೇ ಉಳಿದಿತ್ತು. ಶಬ್ದ ಬರಲೆಂದು ಸೈಕಲ್ಲಿನ ಚಕ್ರದ ಕಡ್ಡಿಗಳಿಗೆ ತಾಗುವಂತೆ ಸಿಕ್ಕಿಸಿಕೊಂಡು ಊರೆಲ್ಲ ತಿರುಗಿದ್ದರಂತೆ. "ನನ್ನ ದೇವರನ್ನು ನಾನೇ ಚಕ್ರಕ್ಕೆ ಕಟ್ಟಿದೆ ನೋಡು" ಎಂದು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಎರಡನೆಯವರು ಸೈನ್ಯಕ್ಕೆ ಹೋಗಿದ್ದಾಗ ಅವರ ತಾಯಿ ಕಾರ್ಡುಗಳನ್ನೆಲ್ಲ ಕಸಕ್ಕೆ ಹಾಕಿದ್ದರಂತೆ. ಬೈಬಲ್ಲಿನ ನಡುವೆ ಇದ್ದ ಇದೊಂದು ಉಳಿಯಿತು. ಮೂರನೆಯವರು ಹ್ಯಾಂಕ್. ಅವರದು ಗಾಜಿನಂಥ ಗಟ್ಟಿ ಪೆಟ್ಟಿಗೆಯೊಳಗೆ ನಿನ್ನೆ ಅಚ್ಚಾದಂತೆ ಇತ್ತು.

ರೇ ತಮ್ಮದನ್ನು ಎತ್ತಿ ಹಿಡಿದರು. ಟ್ಯೂಬ್‌ಲೈಟಿನ ಬೆಳಕು ಪ್ಲಾಸ್ಟಿಕ್ಕಿಗೆ ಬಡಿದು ಪರದೆಯಲ್ಲಿ ಬರೀ ಬಿಳಿ ಕಂಡಿತು. ಸೈಕಲ್ಲಿನವರು, "ರೇ, ನೀನು ಡ್ರೈವಿಂಗ್ ಲೈಸೆನ್ಸ್ ತೋರಿಸುತ್ತಿದ್ದೀಯ!" ಎಂದರು. ಹ್ಯಾಂಕ್ ಮಾತ್ರ ನಗಲಿಲ್ಲ. ಮುಖವನ್ನು ಪರದೆಯ ಹತ್ತಿರಕ್ಕೆ ತಂದು ಕೇಳಿದರು:

"ಅಯ್ಯೋ ದೇವರೇ! ಇದನ್ನು ಯಾರು ಹೀಗೆ ಮಾಡಿದ್ದು?"

ಆ ದನಿ ಕೇಳಿದ ಮೇಲಷ್ಟೇ ನಾನೇನು ಮಾಡಿದ್ದೇನೆಂದು ನನಗೆ ಹೊಳೆಯಿತು. ಇಂಥ ಕಾರ್ಡು ಕೂಡಿಡುವವರಿಗೆ ಲ್ಯಾಮಿನೇಟ್ ಮಾಡಿದ್ದೆಂದರೆ ಕೆಡಿಸಿದ್ದೇ.

"ನಾನೇ ಮಾಡಿಸಿದೆ" ಎಂದರು ರೇ. "ಇಲ್ಲಿನ ಸೆಕೆ ನಿನಗೇನು ಗೊತ್ತು ಹ್ಯಾಂಕ್? ನನ್ನ ಕೈ ಬೆವರುತ್ತದೆ. ಈಗ ಸುಮ್ಮನೆ ಕೂತು ನನ್ನ ಕತೆ ಕೇಳು. ಯಲ್ಲಾ, ಶುರು ಮಾಡುತ್ತೇನೆ."

ಉಸಿರು ಎಳೆದುಕೊಳ್ಳುತ್ತಾ, ನಿಲ್ಲಿಸಿ ನಿಲ್ಲಿಸಿ ಹೇಳಿದರು. ಆಗ ಅವರಿಗೆ ಒಂಬತ್ತು ವರ್ಷ. ಅಪ್ಪ ಕೆಲಸದ ಕಡೆ ಸುಳ್ಳು ಹೇಳಿ ಆಟಕ್ಕೆ ಕರೆದುಕೊಂಡು ಹೋಗಿದ್ದರು. ಆಗೆಲ್ಲ ಕಾರ್ಡುಗಳು ಬರುತ್ತಿದ್ದುದು ಬಬಲ್ ಗಮ್ಮಿನ ಪೊಟ್ಟಣದಲ್ಲಿ. ಗೇಟಿನ ಹೊರಗೆ ಕೊಂಡ ಪೊಟ್ಟಣ ಒಡೆದರೆ ಒಳಗೆ "ಅವರೇ"! ಆಟ ಮುಗಿದ ಮೇಲೆ ರೇ ಬೇಲಿಯ ಸಂದಿನಿಂದ ಆ ಕಾರ್ಡನ್ನು ಚಾಚಿದರು.

"ಅವರು ಸಹಿ ಹಾಕುವ ಮೊದಲು ಕಾರ್ಡನ್ನು ಮೂಗಿಗೆ ಹಿಡಿದು ಮೂಸಿದರು. 'ಈಗ ತಾನೇ ಒಡೆದದ್ದಲ್ಲವಾ? ಗಮ್ ಎಲ್ಲಿ?' ಎಂದು ಕೇಳಿದರು. ನಾನು ಅರ್ಧ ತಿಂದು ಅರ್ಧ ಅಂಗಿಯ ಜೇಬಿನಲ್ಲಿಟ್ಟಿದ್ದೆ. ಕೊಟ್ಟೆ. ಬಾಯಿಗೆ ಹಾಕಿಕೊಂಡು, ಅಗಿಯುತ್ತಾ ಸಹಿ ಹಾಕಿದರು. ಅಪ್ಪ ಸಾಯುವವರೆಗೂ ಹೇಳುತ್ತಿದ್ದರು, ನನ್ನ ಮಗ ಅವರಿಗೆ ಊಟ ಹಾಕಿದವನು ಅಂತ."

ಮೂವರೂ ನಕ್ಕರು. ಹ್ಯಾಂಕ್ ಕೂಡ. ಯಾರೂ ವಿದಾಯದ ಮಾತು ಆಡಲಿಲ್ಲ. ಮುಂದಿನ ಶನಿವಾರ ಸಿಗೋಣ ಎಂದೇ ಹೇಳಿಕೊಂಡರು.

ಕಾಲ್ ಮುಗಿಯಿತು. ನಾನು ಫೋನನ್ನು ಚಾರ್ಜಿಗೆ ಹಾಕಿ ತಿರುಗಿದೆ. ರೇ ಒಂದು ಬೆರಳಿನಿಂದ ಮೂಗಿನ ಟ್ಯೂಬನ್ನು ಸರಿಸಿದ್ದರು. ಕಣ್ಣು ಮುಚ್ಚಿಕೊಂಡು, ಕಾರ್ಡನ್ನು ಮೂಗಿಗೆ ಹಿಡಿದಿದ್ದರು. ಉಸಿರೆಳೆದರು. ಕಾರ್ಡನ್ನು ತಿರುವಿ ಹಿಡಿದು ಮತ್ತೆ ಎಳೆದರು. ಆಮೇಲೆ ಅಂಚಿನಲ್ಲಿ, ಮೂಲೆಯಲ್ಲಿ.

"ಮಿಸ್ಟರ್ ರೇ, ಟ್ಯೂಬ್!" ಎನ್ನುತ್ತಾ ಬಂದ ಲವೀನಾ, ಅವರು ಮೂಸುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತರು.

"ಸರ್, ಕತ್ತರಿ ತರುತ್ತೇನೆ. ಬಿಡಿಸಿ ಕೊಡುತ್ತೇನೆ" ಎಂದೆ.

"ಬೇಡ. ಎಳೆದರೆ ಮುಖ ಕಿತ್ತು ಬರುತ್ತದೆ." ಕಾರ್ಡನ್ನು ಎದೆಯ ಮೇಲೆ ಇಟ್ಟುಕೊಂಡು ನನ್ನ ಮಣಿಕಟ್ಟು ಹಿಡಿದರು. "ಮೂಲೆಗಳನ್ನು ಎಷ್ಟು ಚೆನ್ನಾಗಿ ಕತ್ತರಿಸಿದ್ದೀಯ ಸುರೇಶ್. ಮಾಫಿ ಮುಷ್ಕಿಲ್, ಏನೂ ತೊಂದರೆಯಿಲ್ಲ. ತಡವಾಯಿತು, ಮನೆಗೆ ಹೊರಡು."

ಮುಂದಿನ ಶನಿವಾರಕ್ಕೆ ಅವರಿರಲಿಲ್ಲ. ದೇಹವನ್ನು ಅವರ ಊರಿಗೆ ಕಳಿಸಲು ಬೇಕಾದ ಕಾಗದಗಳನ್ನೆಲ್ಲ ನಾನೇ ಮಾಡಿಸಿದೆ. ಅಮೆರಿಕದಲ್ಲಿದ್ದ ಅವರ ತಂಗಿ ಫೋನಿನಲ್ಲಿ ಹೇಳಿದಂತೆ ಕಾರ್ಡನ್ನು ಅವರ ಅಂಗಿಯ ಜೇಬಿನಲ್ಲಿಟ್ಟು ಕಳಿಸಿದೆವು.

ಶಾಲಿನಿಗೆ ಎಲ್ಲವನ್ನೂ ಹೇಳಿದಾಗ ಅವಳು ತಮಾಷೆ ಮಾಡಲಿಲ್ಲ. "ಅಷ್ಟು ವರ್ಷದ ಗಮ್ಮಿನ ವಾಸನೆ ಎಲ್ಲಿ ಉಳಿದಿರ್ತದೆ? ಮೊದಲೇ ಹೋಗಿರ್ಬಹುದು" ಎಂದಳು. ಹಾಗಿದ್ದರೂ ಇರಬಹುದು. ಆದರೆ ಅದನ್ನೀಗ ಹೇಳಬಲ್ಲವರು ಯಾರೂ ಇಲ್ಲ. ಆ ಶುಕ್ರವಾರ ಕರ್ಚೀಫು ಬಿಚ್ಚಿ, ಬರಿಯ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡು, ಯಂತ್ರ ಬಿಸಿಯಾಗುವವರೆಗೆ ಕಾದು ನಿಂತಿದ್ದವನು ನಾನು. ಒಂದು ಸಲವೂ ಮೂಸಿ ನೋಡಲಿಲ್ಲ.